ಮೀನಿನ ಗಾಜುತೊಟ್ಟಿಗೆ ಅಗ್ಗದ ಶೋಧಕ ಸಾಮಗ್ರಿ

ಊರನ್ನು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮವರಿಗೆ ಅಂಗಳವಿಲ್ಲ, ಹಿತ್ತಿಲಿಲ್ಲ, ಮನೆಯ ಮುಂದಿನ ಕೆರೆಯೂ ಇಲ್ಲ. ದನ ಕಟ್ಟುವ ಮಾತು ಹಾಗಿರಲಿ, ಒಂದು ನಾಯಿಯನ್ನು ಸಾಕುತ್ತೇವೆಂದರೂ ಸೊಸೈಟಿಯ ಕಾರ್ಯದರ್ಶಿಗಳ ಹುಬ್ಬು ಮೇಲೇರುತ್ತದೆ. ಎರಡು ಕೋಣೆಗಳ ಸಂಸಾರದಲ್ಲಿ ಮಕ್ಕಳ ಹಟಕ್ಕೆ ಮಣಿದು ತಂದೆತಾಯಿಗಳು ತರಬಹುದಾದ ಜೀವವೆಂದರೆ ಮೀನೊಂದೇ. ಅದು ಬೊಗಳುವುದಿಲ್ಲ, ನೆರೆಯವರ ಬಾಗಿಲಿಗೆ ಹೋಗುವುದಿಲ್ಲ, ಮೇಜಿನ ಒಂದು ಮೂಲೆಗಿಂತ ಹೆಚ್ಚಿನ ಸ್ಥಳವನ್ನು ಕೇಳುವುದಿಲ್ಲ. ೧೯೫೧ರಲ್ಲಿ ಮರೀನ್ ಡ್ರೈವಿನಲ್ಲಿ ತಾರಾಪೊರವಾಲಾ ಮತ್ಸ್ಯಾಲಯವು ತೆರೆದ ಮೇಲೆ, ಗಾಜಿನ ಹಿಂದೆ ತೇಲುವ ಬಣ್ಣದ ಮೀನುಗಳನ್ನು ಕಣ್ಣರಳಿಸಿ ನೋಡಿ ಬಂದ ಮಕ್ಕಳ ತಲೆಮಾರುಗಳೇ ಮುಂಬಯಿಯಲ್ಲಿ ಬೆಳೆದವು. ಆ ಮಕ್ಕಳಲ್ಲಿ ಅನೇಕರು ಇಂದು ಅಜ್ಜ ಅಜ್ಜಿಯರಾಗಿ ತಮ್ಮ ಮೊಮ್ಮಕ್ಕಳ ಕೈ ಹಿಡಿದು ಕ್ರಾಫರ್ಡ್ ಮಾರ್ಕೆಟ್ಟಿಗೋ ಕುರ್ಲಾಕ್ಕೋ ಮೀನು ಕೊಳ್ಳಲು ಹೋಗುತ್ತಿದ್ದಾರೆ.

ಆದರೆ ಮನೆಗೆ ಬಂದ ಮೀನಿನ ಗತಿಯೇನು? ಮೊದಲ ವಾರ ಎಲ್ಲವೂ ಚೆನ್ನಾಗಿರುತ್ತದೆ. ಎರಡನೆಯ ವಾರದಲ್ಲಿ ನೀರು ಅಕ್ಕಿ ತೊಳೆದ ನೀರಿನಂತೆ ಬಿಳುಪಾಗುತ್ತದೆ. ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗುತ್ತವೆ. ಮೂರನೆಯ ವಾರದ ಒಂದು ಬೆಳಿಗ್ಗೆ ಮಕ್ಕಳು ಏಳುವ ಮೊದಲೇ ತಾಯಿಯು ಸತ್ತ ಮೀನನ್ನು ಕಾಗದದಲ್ಲಿ ಸುತ್ತಿ ಹೊರಗೆ ಸಾಗಿಸಬೇಕಾಗುತ್ತದೆ. ತರುವಾಯ ಅಂಗಡಿಗೆ ಓಟ. ಅಂಗಡಿಯಾತನು ಒಂದು ಔಷಧಿಯ ಸೀಸೆ, ಒಂದು ಪೊಟ್ಟಣ ಕಪ್ಪು ಇದ್ದಲು, ಒಂದು ಪೊಟ್ಟಣ ಬಿಳಿಯ ಪಿಂಗಾಣಿ ಬಳೆ, ಒಂದು ಡಬ್ಬ ಪ್ಲಾಸ್ಟಿಕ್ ಚೆಂಡು ಇವುಗಳನ್ನೆಲ್ಲ ಮುಂದಿಡುತ್ತಾನೆ. ಮೀನಿಗೆ ಕೊಟ್ಟ ಹಣದ ಹತ್ತು ಪಾಲು ಶೋಧಕದ ಹೊಟ್ಟೆಗೆ ಹೋಗುತ್ತದೆ. ಇಷ್ಟಾದರೂ ಮೀನು ಉಳಿಯದಿದ್ದರೆ ತೊಟ್ಟಿಯು ಅಟ್ಟವನ್ನೇರುತ್ತದೆ. ಮಗುವಿಗೆ, ತಾನು ಸಾಕಿದ್ದು ತನ್ನ ಕೈಯಲ್ಲಿ ಬದುಕಲಿಲ್ಲವೆಂಬ ನೋವು ಉಳಿಯುತ್ತದೆ. ಈ ನೋವೂ ಈ ವೆಚ್ಚವೂ ಬಹಳ ಮಟ್ಟಿಗೆ ಅನಾವಶ್ಯಕವಾದುವೆಂದು ತೋರಿಸುವುದಕ್ಕಾಗಿಯೇ ನಾವು ಇಂದು ಈ ವಿಷಯವನ್ನು ಎತ್ತಿಕೊಂಡಿರುವೆವು.

ಶೋಧಕವೆಂದರೆ ಕೊಳೆಯನ್ನು ಸೋಸುವ ಜರಡಿಯೆಂದೇ ಹೆಚ್ಚಿನವರ ಭಾವನೆ. ಕಣ್ಣಿಗೆ ಕಾಣುವ ಕೊಳೆಯನ್ನು ಅದು ಸೋಸುವುದು ನಿಜ. ಆದರೆ ಮೀನನ್ನು ಕೊಲ್ಲುವುದು ಕಣ್ಣಿಗೆ ಕಾಣುವ ಕೊಳೆಯಲ್ಲ. ಮೀನು ತನ್ನ ಕಿವಿರುಗಳ ಮೂಲಕ ಎಡೆಬಿಡದೆ ಅಮೋನಿಯಾವನ್ನು ನೀರಿಗೆ ಬಿಡುತ್ತಿರುತ್ತದೆ. ತಿನ್ನದೆ ಉಳಿದ ಆಹಾರವೂ ಮಲವೂ ಕೊಳೆತು ಅದೇ ವಿಷವನ್ನು ಹೆಚ್ಚಿಸುತ್ತವೆ. ನದಿಯಲ್ಲಾಗಲಿ ಕೆರೆಯಲ್ಲಾಗಲಿ ಅಪಾರ ಜಲರಾಶಿಯಲ್ಲಿ ಅದು ಕರಗಿಹೋಗುತ್ತದೆ. ಮೂವತ್ತು ಲೀಟರು ನೀರಿನಲ್ಲಿ ಅದು ಎಲ್ಲಿಗೆ ಹೋದೀತು? ನೀರು ಸ್ಫಟಿಕದಂತೆ ತಿಳಿಯಾಗಿದ್ದರೂ ಮೀನು ಸಾಯುವುದು ಇದರಿಂದಲೇ.

ಪ್ರಕೃತಿಯು ಇದಕ್ಕೆ ಪರಿಹಾರವನ್ನು ತಾನೇ ಒದಗಿಸಿದೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ, ಆದರೆ ನೈಟ್ರೇಟ್ ಮಿತಪ್ರಮಾಣದಲ್ಲಿದ್ದರೆ ಮೀನಿಗೆ ಬಾಧಕವಲ್ಲ, ಜಲಸಸ್ಯಗಳಿಗಂತೂ ಅದು ಗೊಬ್ಬರ. ಈ ಜೀವಿಗಳನ್ನು ೧೮೯೦ರ ಸುಮಾರಿಗೆ ಮೊದಲು ಬೇರ್ಪಡಿಸಿ ತೋರಿಸಿದವನು ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ. ಮೀನಿನ ತೊಟ್ಟಿಗಳಲ್ಲಿ ನೈಟ್ರೈಟನ್ನು ತಿನ್ನುವುದು ನೈಟ್ರೊಬ್ಯಾಕ್ಟರ್ ಎಂಬ ಜೀವಿಯೆಂದು ಬಹುಕಾಲ ಪುಸ್ತಕಗಳೆಲ್ಲ ಬರೆದವು. ಅದು ಹಾಗಲ್ಲ, ನೈಟ್ರೊಸ್ಪೈರಾ ಎಂಬ ಬೇರೊಂದು ಕುಲವೆಂಬುದು ೧೯೯೮ರಲ್ಲಿ ತಿಳಿದುಬಂದಿತು. ೨೦೧೫ರಲ್ಲಾದರೋ ಇದೇ ನೈಟ್ರೊಸ್ಪೈರಾ ಕುಲದ ಕೆಲವು ಜೀವಿಗಳು ಎರಡೂ ಕೆಲಸಗಳನ್ನು ಒಂಟಿಯಾಗಿಯೇ ಪೂರೈಸುತ್ತವೆಂದು ಪ್ರಕಟವಾಗಿ ವಿಜ್ಞಾನಿಗಳೇ ಬೆರಗಾದರು. ನಮ್ಮ ಮೇಜಿನ ಮೂಲೆಯಲ್ಲಿರುವ ತೊಟ್ಟಿಯ ಕಥೆಯನ್ನು ಅರಿಯಲು ನೂರಿಪ್ಪತ್ತೈದು ವರ್ಷ ಹಿಡಿಯಿತೆಂದರೆ, ಅಂಗಡಿಯಾತನು ಅದನ್ನು ಎರಡು ನಿಮಿಷದಲ್ಲಿ ವಿವರಿಸಲಾರದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಈ ಜೀವಿಗಳು ನೀರಿನಲ್ಲಿ ತೇಲಾಡುವುದಕ್ಕಿಂತ ಯಾವುದಾದರೊಂದು ಮೇಲ್ಮೈಗೆ ಅಂಟಿಕೊಂಡಿರಲು ಬಯಸುತ್ತವೆ. ಅವುಗಳಿಗೆ ಬೇಕಾದುದು ಮೂರು: ಅಂಟಿಕೊಳ್ಳಲು ಒರಟಾದ ಸ್ಥಳ, ಎಡೆಬಿಡದೆ ಹರಿಯುವ ನೀರು, ಮತ್ತು ಆಮ್ಲಜನಕ. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು ನಾಲ್ಕೂವರೆ ಗ್ರಾಂ ಆಮ್ಲಜನಕ ವೆಚ್ಚವಾಗುತ್ತದೆಂಬುದನ್ನು ಗಮನಿಸಿದರೆ, ಗಾಳಿಗುಳ್ಳೆಗಳು ಬರಿಯ ಅಲಂಕಾರಕ್ಕಲ್ಲವೆಂಬುದು ವೇದ್ಯವಾಗುವುದು. ಹೀಗೆ ನೋಡಿದರೆ ಶೋಧಕದಲ್ಲಿ ತುಂಬುವ ಸಾಮಗ್ರಿಯು ಈ ಜೀವಿಗಳ ವಸತಿಗೃಹ, ಅಷ್ಟೇ. ವಸತಿಗೃಹಕ್ಕೆ ಅಮೃತಶಿಲೆಯೇ ಬೇಕೆಂಬ ನಿಯಮವಿಲ್ಲ. ಚಾಳಿನ ಕೋಣೆಯಲ್ಲಿಯೂ ಸಂಸಾರ ಸುಖವಾಗಿ ನಡೆಯುವುದನ್ನು ನಾವು ಬಲ್ಲೆವಷ್ಟೆ!

ಇನ್ನು ಆಯ್ಕೆಯ ವಿಚಾರ. ಉದಾಹರಣೆಗಾಗಿ ೧೮ ಅಂಗುಲ ಉದ್ದ, ೧೦ ಅಂಗುಲ ಅಗಲ, ೧೨ ಅಂಗುಲ ಎತ್ತರದ ತೊಟ್ಟಿಯನ್ನೇ ತೆಗೆದುಕೊಳ್ಳೋಣ. ಲೆಕ್ಕಕ್ಕೆ ಅದು ೩೫ ಲೀಟರು. ತಳದ ಮರಳನ್ನೂ ಮೇಲಿನ ತೆರಪನ್ನೂ ಕಳೆದರೆ ೨೮ರಿಂದ ೩೦ ಲೀಟರು ನೀರು. ಇದರಲ್ಲಿ ಆರೆಂಟು ಗಪ್ಪಿಗಳು ಸುಖವಾಗಿರಬಲ್ಲುವು. ಹೊಂಬಣ್ಣದ ಗೋಲ್ಡ್‌ಫಿಶ್ ಒಂದಕ್ಕೂ ಇದು ಸಾಲದು. ಅಂಗಡಿಯಲ್ಲಿ ಹೆಬ್ಬೆರಳಿನಷ್ಟಿರುವ ಆ ಮೀನು ಬೆಳೆದು ಗೇಣುದ್ದವಾಗುವುದು.

ಇಂತಹ ತೊಟ್ಟಿಗೆ ಎಲ್ಲಕ್ಕಿಂತ ಅಗ್ಗವಾದ ಮತ್ತು ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಉತ್ತಮವಾದ ಸಾಮಗ್ರಿಯೆಂದರೆ ಸ್ಪಂಜು. ಗಾಳಿ ಪಂಪಿನಿಂದ ನಡೆಯುವ ಸ್ಪಂಜಿನ ಶೋಧಕವು ಸಾಮಾನ್ಯವಾಗಿ ಇನ್ನೂರು ಮುನ್ನೂರು ರೂಪಾಯಿಯೊಳಗೆ ದೊರೆಯುತ್ತದೆ. ಅದರ ಕೆಲಸವೂ ಸರಳ: ಕೊಳವೆಯೊಳಗೆ ಗುಳ್ಳೆಗಳು ಮೇಲೇರುವಾಗ ನೀರನ್ನೂ ಮೇಲಕ್ಕೆ ಒಯ್ಯುತ್ತವೆ, ಆ ತೆರವನ್ನು ತುಂಬಲು ನೀರು ಸ್ಪಂಜಿನ ರಂಧ್ರಗಳ ಮೂಲಕ ಒಳನುಗ್ಗುತ್ತದೆ. ಕೊಳೆಯನ್ನು ತಡೆಯುವುದು, ಜೀವಿಗಳಿಗೆ ಆಶ್ರಯ ಕೊಡುವುದು, ನೀರಿಗೆ ಗಾಳಿಯೂಡುವುದು ಈ ಮೂರೂ ಒಂದೇ ವಸ್ತುವಿನಿಂದ ಸಾಧಿಸುತ್ತವೆ. ಸಣ್ಣ ಮರಿಗಳನ್ನು ಅದು ಹೀರಿಕೊಳ್ಳುವುದೂ ಇಲ್ಲ. ಗಪ್ಪಿಯಂತೆ ತಿಂಗಳಿಗೊಮ್ಮೆ ಮರಿಹಾಕುವ ಮೀನಿನ ಮನೆಯಲ್ಲಿ ಇದು ಸಣ್ಣ ಉಪಕಾರವಲ್ಲ. ಕಣ್ಣಿಗೆ ಅಂದವಾಗಿಲ್ಲವೆಂಬುದೊಂದೇ ದೋಷ. ಅದನ್ನು ಒಂದು ಜಲಸಸ್ಯದ ಮರೆಯಲ್ಲಿ ನಿಲ್ಲಿಸಿದರಾಯಿತು.

ಸ್ಪಂಜೆಂದೊಡನೆ ಅಡಿಗೆಮನೆಯ ಸ್ಪಂಜನ್ನು ಕತ್ತರಿಸಿ ಹಾಕುವವರುಂಟು. ಅದು ಕೂಡದು. ಪಾತ್ರೆ ತೊಳೆಯುವ ಸ್ಪಂಜುಗಳಲ್ಲಿ ಕೆಲವಕ್ಕೆ ಸಾಬೂನನ್ನೂ, ಕೆಲವಕ್ಕೆ ಕ್ರಿಮಿನಾಶಕವನ್ನೂ ಸೇರಿಸಿರುತ್ತಾರೆ. ಕ್ರಿಮಿಗಳನ್ನು ಬೆಳೆಸಬೇಕಾದ ಸ್ಥಳದಲ್ಲಿ ಕ್ರಿಮಿನಾಶಕವನ್ನಿಡುವುದು ಯಾವ ಬುದ್ಧಿವಂತಿಕೆ? ಹಾಸಿಗೆಯ ಫೋಮಿನ ರಂಧ್ರಗಳು ಅತಿ ಸಣ್ಣವಾಗಿರುವುದರಿಂದ ಕೆಲವೇ ದಿನಗಳಲ್ಲಿ ಕಟ್ಟಿಹೋಗುತ್ತವೆ. ಬೆಂಕಿ ಹತ್ತದಂತೆ ಅದಕ್ಕೆ ರಾಸಾಯನಿಕಗಳನ್ನು ಬೆರೆಸಿರುವುದೂ ಉಂಟು. ಮೀನಿಗೆಂದೇ ಮಾರುವ ಸ್ಪಂಜಿನಲ್ಲಿ ಒಂದು ಅಂಗುಲಕ್ಕೆ ಇಪ್ಪತ್ತು ಮೂವತ್ತು ರಂಧ್ರಗಳಿರುತ್ತವೆ. ಅಷ್ಟು ಒರಟಾದುದೇ ಬೇಕು. ಇದೊಂದು ವಿಷಯದಲ್ಲಿ ಹಣ ಉಳಿಸಲು ಹೋಗಬಾರದು.

ಸ್ಪಂಜಿನ ನಂತರ ಹೇಳಬೇಕಾದುದು ಬಿಳಿಯ ನಾರು. ಅಂಗಡಿಯಲ್ಲಿ ಇದನ್ನು ಸಣ್ಣ ಪೊಟ್ಟಣದಲ್ಲಿ ಹೆಚ್ಚಿನ ಬೆಲೆಗೆ ಮಾರುತ್ತಾರೆ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರು ಬಹುಮಟ್ಟಿಗೆ ಇದೇ ವಸ್ತು. ಹಾಸಿಗೆಯ ಅಂಗಡಿಯಲ್ಲಿ ಅರ್ಧ ಕಿಲೋ ಕೊಂಡರೆ ಒಂದೆರಡು ವರ್ಷ ಸಾಕು. ಸುವಾಸನೆಯನ್ನಾಗಲಿ ಬೇರಾವ ಲೇಪವನ್ನಾಗಲಿ ಹಾಕಿರದ ನಾರಾಗಿರಬೇಕು, ಅಷ್ಟೆ. ಆದರೆ ಹತ್ತಿಯನ್ನು ಮಾತ್ರ ಹಾಕಬಾರದು. ಔಷಧಿ ಅಂಗಡಿಯ ಹತ್ತಿಯಾಗಲಿ, ಊರಿನಿಂದ ತಂದ ಬೂರುಗದ ಹತ್ತಿಯಾಗಲಿ ನೀರಿನಲ್ಲಿ ಕೊಳೆತು ತಾನೇ ಕಲ್ಮಷವಾಗುವುದು. ಎರಡರ ಭೇದ ತಿಳಿಯದಿದ್ದರೆ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಬೆಂಕಿ ತಗುಲಿಸಿ ನೋಡಿರಿ. ಹತ್ತಿಯು ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಇದೇ ಕಾರಣದಿಂದ ತೆಂಗಿನ ನಾರೂ, ನಮ್ಮ ಬಚ್ಚಲುಮನೆಗಳಲ್ಲಿ ಮೈಯುಜ್ಜಲು ಬಳಸುವ ಒಣ ಹೀರೆಕಾಯಿಯ ನಾರೂ ಈ ಕೆಲಸಕ್ಕೆ ಬಾರವು. ನೋಡಲು ಹೇಳಿ ಮಾಡಿಸಿದಂತಿದ್ದರೂ ಕೆಲವು ವಾರಗಳಲ್ಲಿ ಮೆತ್ತಗಾಗಿ ಕೊಳೆಯುತ್ತವೆ.

ಪಿಂಗಾಣಿ ಬಳೆಗಳು ಕೆಟ್ಟ ವಸ್ತುವಲ್ಲ. ಅವುಗಳ ಮೈಯೆಲ್ಲ ಸೂಕ್ಷ್ಮರಂಧ್ರಗಳು. ಒಂದು ಪೊಟ್ಟಣದೊಳಗೆ ಫುಟ್‌ಬಾಲ್ ಮೈದಾನದಷ್ಟು ಮೇಲ್ಮೈ ಇದೆಯೆಂದು ಜಾಹಿರಾತುಗಳು ಹೊಗಳುವುದುಂಟು. ಆದರೆ ರಂಧ್ರವಿದ್ದ ಮಾತ್ರಕ್ಕೆ ನೀರು ಅದರೊಳಗೆ ಹರಿಯುವುದೆಂದು ತಿಳಿಯಬಾರದು. ನೀರೂ ಗಾಳಿಯೂ ತಲುಪದ ಒಳರಂಧ್ರಗಳಿಂದ ನಮಗೆ ಬೇಕಾದ ಜೀವಿಗಳಿಗೆ ಪ್ರಯೋಜನವಿಲ್ಲ. ಹೊರಮೈಗೆ ಕೆಸರು ಮೆತ್ತಿದರಂತೂ ಎಲ್ಲ ರಂಧ್ರಗಳೂ ಮುಚ್ಚಿದಂತೆಯೇ. ಆದಕಾರಣ ಬಳೆಗಳನ್ನು ಹಾಕುವುದಾದರೆ ಸ್ಪಂಜು ಅಥವಾ ನಾರನ್ನು ದಾಟಿ ಬಂದ ನೀರಿನ ಹಾದಿಯಲ್ಲಿಯೇ ಹಾಕಬೇಕು. ಆರೆಂಟು ಗಪ್ಪಿಗಳ ತೊಟ್ಟಿಗೆ ಅವು ಅತ್ಯಾವಶ್ಯಕವೆಂದು ನಮಗೆ ತೋರುವುದಿಲ್ಲ.

ಬಳೆಗಳ ಬದಲಿಗೆ ಬಳಸಬಹುದಾದ ಒಂದು ವಸ್ತುವನ್ನು ಹೇಳಿದರೆ ದಕ್ಷಿಣ ಕನ್ನಡದಿಂದ ಬಂದು ನೆಲೆಸಿರುವ ಓದುಗರಿಗೆ ಸಂತೋಷವಾದೀತು. ಅದು ಮಂಗಳೂರು ಹಂಚು! ೧೮೬೦ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ನೇತ್ರಾವತಿಯ ಸಮೀಪ ಹಂಚಿನ ಕಾರ್ಖಾನೆಯನ್ನು ಹೂಡಿದಂದಿನಿಂದ ಆ ಕೆಂಪು ಹಂಚು ಪಶ್ಚಿಮ ಕರಾವಳಿಯ ಮನೆಗಳನ್ನೆಲ್ಲ ಹೊದಿಸಿ, ಹಡಗನ್ನೇರಿ ಪರದೇಶಗಳನ್ನೂ ಕಂಡಿತು. ಸುಟ್ಟ ಮಣ್ಣಿನ ಹಂಚು ಸ್ವಭಾವದಿಂದಲೇ ರಂಧ್ರಮಯ. ಒಡೆದ ಹಂಚಿನ ಹೊಸ ಮುಖದ ಮೇಲೆ ಒಂದು ಹನಿ ನೀರನ್ನು ಬಿಟ್ಟು ನೋಡಿರಿ. ಅದು ನಿಲ್ಲದೆ ಒಳಗೆ ಇಂಗಿದರೆ ನಮ್ಮ ಕೆಲಸಕ್ಕೆ ಒದಗುವುದೆಂದು ತಿಳಿಯಬಹುದು. ಅಡಿಕೆಯ ಗಾತ್ರಕ್ಕೆ ಒಡೆದು, ಧೂಳೆಲ್ಲ ಹೋಗುವವರೆಗೆ ತೊಳೆದು, ಎರಡು ದಿನ ನೀರಿನಲ್ಲಿ ನೆನೆಯಿಟ್ಟು ಬಳಸಬೇಕು. ಬಣ್ಣ ಬಳಿದ ಹಂಚು, ಸುಣ್ಣ ಸಿಮೆಂಟು ಮೆತ್ತಿದ ಹಂಚು, ಹೊಳಪು ಲೇಪಿಸಿದ ಬಚ್ಚಲಿನ ಟೈಲು ಬೇಡ. ಹಂಚು ಸಿಗದ ಪಟ್ಟಣದಲ್ಲಿ ಒಡೆದ ಮಡಕೆಯ ಚೂರು, ಬಣ್ಣವಿಲ್ಲದ ಮಣ್ಣಿನ ಹಣತೆ, ಚಹಾ ಕುಡಿದು ಬಿಸುಡುವ ಮಣ್ಣಿನ ಲೋಟ ಇವೂ ಆಗುತ್ತವೆ. ದೀಪಾವಳಿಯ ಹಣತೆಯನ್ನು ಹಾಕುವುದಾದರೆ ಎಣ್ಣೆ ಸೋಕದ ಹೊಸ ಹಣತೆಯಾಗಿರಲಿ.

ಮುಂಬಯಿ ನಗರವೇ ಲಾವಾ ಶಿಲೆಯ ಮೇಲೆ ನಿಂತಿದೆಯಲ್ಲ, ಆ ಕಪ್ಪು ಕಲ್ಲನ್ನೇ ಹಾಕಬಹುದಲ್ಲವೇ ಎಂದು ಕೆಲವರು ಕೇಳಬಹುದು. ದಖ್ಖನಿನ ಕಪ್ಪು ಕಲ್ಲು ಜ್ವಾಲಾಮುಖಿಯ ಶಿಲೆಯೇ ಹೌದು. ಆದರೆ ರಸ್ತೆಗೆ ಹಾಕುವ ಜಲ್ಲಿಯು ಒತ್ತಾದ ಕಲ್ಲು, ಅದರಲ್ಲಿ ರಂಧ್ರಗಳಿಲ್ಲ. ಜೇನುಗೂಡಿನಂತೆ ಗುಳ್ಳೆಗುಳ್ಳೆಯಾಗಿರುವ ಹಗುರವಾದ ಲಾವಾ ಕಲ್ಲನ್ನು ಗಿಡಗಳ ಅಂಗಡಿಗಳಲ್ಲಿ ಮಾರುತ್ತಾರೆ, ಅದು ಉತ್ತಮ. ಯಾವ ಕಲ್ಲನ್ನೇ ಆಗಲಿ ಹಾಕುವ ಮೊದಲು ಅದರ ಮೇಲೆ ನಾಲ್ಕು ಹನಿ ವಿನಿಗರ್ ಬಿಟ್ಟು ನೋಡುವುದು ಲೇಸು. ನೊರೆಯೆದ್ದರೆ ಅದರಲ್ಲಿ ಸುಣ್ಣದ ಅಂಶವಿದೆಯೆಂದು ಅರ್ಥ. ಅಂತಹ ಕಲ್ಲು ನೀರಿನ ಗಡಸುತನವನ್ನೂ ಕ್ಷಾರವನ್ನೂ ಹೆಚ್ಚಿಸುವುದು.

ಇದು ಎಲ್ಲೆಡೆಯೂ ದೋಷವಲ್ಲವೆಂಬುದನ್ನು ಇಲ್ಲಿ ಹೇಳಬೇಕು. ತಾನಸಾ, ವೈತರಣಾ, ಭಾತಸಾ ಜಲಾಶಯಗಳಿಂದ ಬರುವ ಮುಂಬಯಿಯ ನೀರು ಮೆದು. ಅಮೋನಿಯಾವನ್ನು ತಿನ್ನುವ ಜೀವಿಗಳು ಕೆಲಸ ಮಾಡುತ್ತ ಮಾಡುತ್ತ ನೀರನ್ನು ಹುಳಿಯಾಗಿಸುತ್ತವೆ. ಮೆದುನೀರಿನಲ್ಲಿ ಈ ಹುಳಿಯನ್ನು ತಡೆಯುವ ಶಕ್ತಿ ಕಡಮೆ. ಹುಳಿ ಮಿತಿಮೀರಿದರೆ ಆ ಜೀವಿಗಳ ಕೆಲಸವೇ ನಿಧಾನವಾಗುವುದು. ಹೀಗಾಗಿ ಮುಂಬಯಿಯ ತೊಟ್ಟಿಯಲ್ಲಿ ಚೆನ್ನಾಗಿ ತೊಳೆದ ಒಂದೆರಡು ಚಿಪ್ಪುಗಳನ್ನು ಶೋಧಕದಲ್ಲಿರಿಸಿದರೆ ಗುಣವೇ ಉಂಟು. ಕೊಳವೆಬಾವಿಯ ಗಡಸುನೀರನ್ನೇ ನೆಚ್ಚಿರುವ ಹೈದರಾಬಾದ್, ಚೆನ್ನೈಗಳ ಬಡಾವಣೆಗಳಲ್ಲಿ ಇದರ ಆವಶ್ಯಕತೆಯಿಲ್ಲ. ಅಲ್ಲಿಯವರು ಬೇರೊಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ನೀರಿನ ಕ್ಷಾರ ಹೆಚ್ಚಿದಷ್ಟೂ ಅಮೋನಿಯಾ ಹೆಚ್ಚು ಘಾತಕವಾಗುತ್ತದೆ. ೨೫ ಡಿಗ್ರಿ ಉಷ್ಣತೆಯಲ್ಲಿ ಪಿಎಚ್ ೭ ಇರುವಾಗ ಅಮೋನಿಯಾದ ವಿಷರೂಪವು ನೂರಕ್ಕೆ ಅರ್ಧ ಪಾಲಿಗಿಂತ ತುಸು ಹೆಚ್ಚು; ಪಿಎಚ್ ೮ ಆದಾಗ ಅದು ನೂರಕ್ಕೆ ಐದು ಪಾಲನ್ನು ಮೀರುತ್ತದೆ. ಒಂದೇ ಪ್ರಮಾಣದ ಕೊಳೆಯು ಒಂದು ಊರಿನಲ್ಲಿ ಮೀನನ್ನು ಸುಮ್ಮನೆ ಬಿಟ್ಟು ಇನ್ನೊಂದು ಊರಿನಲ್ಲಿ ಕೊಲ್ಲುವುದು ಇದರಿಂದ. ಮುಂಬಯಿಯ ಬಂಧುವಿನ ಸಲಹೆಯನ್ನು ಹೈದರಾಬಾದಿನವರು ಹಾಗೆಯೇ ಅನುಸರಿಸಬಾರದು.

ಕಪ್ಪು ಇದ್ದಲಿನ ಪೊಟ್ಟಣಕ್ಕೆ ಹಣ ಸುರಿಯುವುದನ್ನು ನಾವು ಒಪ್ಪುವುದಿಲ್ಲ. ತೆಂಗಿನ ಚಿಪ್ಪಿನಿಂದ ತಯಾರಿಸಿದ ಸಕ್ರಿಯ ಇದ್ದಲು ನೀರಿನ ಬಣ್ಣವನ್ನೂ ವಾಸನೆಯನ್ನೂ ಔಷಧಿಯ ಶೇಷವನ್ನೂ ಹೀರುವುದು ದಿಟ. ಅಮೋನಿಯಾವನ್ನು ಅದು ಹೀರುವುದಿಲ್ಲ. ಕೆಲವು ವಾರಗಳಲ್ಲಿ ಅದರ ಶಕ್ತಿಯೂ ಮುಗಿಯುತ್ತದೆ. ಮೀನಿಗೆ ಔಷಧಿ ಕೊಟ್ಟು ಚಿಕಿತ್ಸೆ ಮುಗಿದ ಮೇಲೆ ನೀರನ್ನು ಶುದ್ಧಿಗೊಳಿಸಲು ಅದನ್ನು ಕೊಂಡರೆ ಸಾಕು. ಚಿಕಿತ್ಸೆ ನಡೆಯುತ್ತಿರುವಾಗ ಅದು ತೊಟ್ಟಿಯಲ್ಲಿದ್ದರೆ ಔಷಧಿಯನ್ನೇ ನುಂಗಿಬಿಡುವುದು. ಒಲೆಯ ಇದ್ದಲನ್ನು ಕುಟ್ಟಿ ಹಾಕಿದರೆ ಅದೇ ಗುಣ ಬರುವುದೆಂದು ಭ್ರಮಿಸಬೇಡಿರಿ. ಪ್ಲಾಸ್ಟಿಕ್ ಚೆಂಡುಗಳ ಮಾತು ಇನ್ನೂ ಸಂಕ್ಷೇಪ: ಮೇಲಿನಿಂದ ನೀರು ತೊಟ್ಟಿಕ್ಕುವ ದೊಡ್ಡ ಗೋಪುರಗಳಿಗೆ ಅವು ಹುಟ್ಟಿದುವು, ನೀರಿನಲ್ಲಿ ಮುಳುಗಿಸಿಟ್ಟರೆ ಹೆಚ್ಚಿನ ಫಲವಿಲ್ಲ. ಅವುಗಳಿಗಿಂತ ಪಾತ್ರೆ ತಿಕ್ಕುವ ಹತ್ತಿಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಉಜ್ಜುಗವೇ ಮೇಲು. ಉಕ್ಕಿನದೂ ಬೇಡ, ತಾಮ್ರದ್ದಂತೂ ಬೇಡವೇ ಬೇಡ. ತಾಮ್ರವು ಬಸವನಹುಳುವಿಗೂ ಸೀಗಡಿಗೂ ವಿಷ.

ಇನ್ನೊಂದು 'ಶೋಧಕ'ವನ್ನೂ ಅಂಗಡಿಗಳಲ್ಲಿ ಮಾರುತ್ತಾರೆ. ಗಾಜಿಗೆ ಬಾಯಿಯಿಂದ ಅಂಟಿಕೊಳ್ಳುವ ಕಪ್ಪು ಮೀನು. ಇದು ಕೊಳೆಯನ್ನೆಲ್ಲ ತಿಂದುಬಿಡುವುದು, ಇದೊಂದಿದ್ದರೆ ಬೇರೇನೂ ಬೇಡವೆಂದು ಹೇಳಿ ಕೊಡುತ್ತಾರೆ. ಅದು ಪಾಚಿಯನ್ನು ತಿನ್ನುವುದೇ ಹೊರತು ಇತರ ಮೀನುಗಳ ಮಲವನ್ನಲ್ಲ. ತಾನೇ ಹೇರಳವಾಗಿ ಹೊಲಸು ಮಾಡುತ್ತ ಒಂದು ಅಡಿಗಿಂತಲೂ ಉದ್ದ ಬೆಳೆಯುತ್ತದೆ. ಬೆಳೆದ ಮೇಲೆ ಏನು ಮಾಡುವುದೆಂದು ತಿಳಿಯದೆ ಜನರು ಕೆರೆಗೆ ಬಿಟ್ಟುದರ ಫಲವಾಗಿ ದಕ್ಷಿಣ ಅಮೆರಿಕದ ಈ ಮೀನು ನಮ್ಮ ದೇಶದ ಅನೇಕ ಕೆರೆ ನದಿಗಳನ್ನು ಹೊಕ್ಕು ಅಲ್ಲಿಯ ಮೀನುಗಳಿಗೂ ಬೆಸ್ತರ ಬಲೆಗಳಿಗೂ ಕಂಟಕವಾಗಿದೆ.

ಸಾಮಗ್ರಿಯನ್ನು ಕೊಂಡು ತುಂಬಿದೊಡನೆ ಶೋಧಕ ಸಿದ್ಧವಾಯಿತೆಂದಲ್ಲ. ಹೊಸ ಸ್ಪಂಜು ಖಾಲಿ ಮನೆ. ಜೀವಿಗಳು ತಾವಾಗಿ ಬಂದು ನೆಲೆಸಿ ಸಂಖ್ಯೆಯಲ್ಲಿ ಬೆಳೆಯಲು ನಮ್ಮ ಹವೆಯಲ್ಲಿಯೂ ನಾಲ್ಕರಿಂದ ಆರು ವಾರ ಬೇಕು. ಮೂರನೆಯ ವಾರದ ಸಾವುಗಳ ಗುಟ್ಟು ಇದೇ. ಇದನ್ನು ಚುರುಕುಗೊಳಿಸುವ ಉಪಾಯವನ್ನು ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ. ಹೆಪ್ಪಿಲ್ಲದಿದ್ದರೆ ನೆರೆಮನೆಯಿಂದ ಒಂದು ಚಮಚ ಮೊಸರು ತಂದು ಹಾಲಿಗೆ ಹಾಕುವುದಿಲ್ಲವೇ? ಹಾಗೆಯೇ ಪರಿಚಿತರಲ್ಲಿ ಯಾರ ಮನೆಯ ಮೀನುಗಳು ತಿಂಗಳುಗಟ್ಟಲೆ ಆರೋಗ್ಯದಿಂದಿವೆಯೋ ಅವರಿಂದ ಬಳಸಿದ ಸ್ಪಂಜಿನ ತುಂಡನ್ನೋ ಒಂದು ಹಿಡಿ ಹಂಚಿನ ಚೂರನ್ನೋ ಕೇಳಿ ತಂದು ಹೊಸ ಶೋಧಕದಲ್ಲಿ ಸೇರಿಸಬೇಕು. ದಾರಿಯಲ್ಲಿ ಅದು ಒಣಗಬಾರದು. ಅವರ ತೊಟ್ಟಿಯ ನೀರಿನಲ್ಲಿಯೇ ಮುಳುಗಿಸಿ ತಂದು ಅಂದೇ ಹಾಕಬೇಕು. ರೋಗ ಬಿದ್ದ ತೊಟ್ಟಿಯಿಂದ ತರುವುದು ಬೇಡ. ಹೆಪ್ಪು ದೊರೆಯದಿದ್ದರೆ ಮೊದಲಿಗೆ ಎರಡೇ ಮೀನು ಬಿಟ್ಟು, ಒಂದು ಚಿಟಿಕೆಗಿಂತ ಕಡಮೆ ಆಹಾರ ಹಾಕುತ್ತ, ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸುತ್ತ ತಾಳ್ಮೆಯಿಂದಿರಬೇಕು. ಅಮೋನಿಯಾವನ್ನು ಅಳೆಯುವ ದ್ರಾವಣದ ಪೆಟ್ಟಿಗೆಯೊಂದನ್ನು ನಾಲ್ಕು ಮನೆಯವರು ಸೇರಿ ಕೊಂಡರೆ ಯಾರಿಗೂ ಹೊರೆಯಾಗದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಮನೆಯನ್ನು ಚೊಕ್ಕಟವಾಗಿಡುವುದರಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಮೀರಿಸುವವರಿಲ್ಲ. ಆದರೆ ಈ ಚೊಕ್ಕಟತನವೇ ಶೋಧಕಕ್ಕೆ ಮೃತ್ಯುವಾಗುವುದು. ಭಾನುವಾರ ಬೆಳಿಗ್ಗೆ ಸ್ಪಂಜು, ಕಲ್ಲು, ಮರಳುಗಳನ್ನೆಲ್ಲ ಹೊರತೆಗೆದು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗೆ ತೊಳೆದು ಮರಳಿ ಜೋಡಿಸಿದರೆ, ಆರು ವಾರಗಳಲ್ಲಿ ನೆಲೆಸಿದ ಜೀವಿಗಳನ್ನು ನಲ್ಲಿಯ ಕ್ಲೋರಿನ್ ಕೊಂದುಬಿಡುತ್ತದೆ. ಮರುದಿನದಿಂದ ತೊಟ್ಟಿ ಮತ್ತೆ ಹೊಸದು, ಮತ್ತೆ ಅದೇ ವಿಷ. 'ಇಷ್ಟು ಸ್ವಚ್ಛವಾಗಿಟ್ಟರೂ ಸತ್ತುವಲ್ಲ!' ಎಂದು ಮರುಗುವವರಿದ್ದಾರೆ. ಸತ್ತುದು ಆ ಸ್ವಚ್ಛತೆಯಿಂದಲೇ. ಸರಿಯಾದ ಕ್ರಮ ಹೀಗೆ: ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬಕೀಟಿಗೆ ತೆಗೆಯುವಾಗ, ಆ ಹಳೆಯ ನೀರಿನಲ್ಲಿಯೇ ಸ್ಪಂಜನ್ನು ಎರಡು ಮೂರು ಸಲ ಹಿಂಡಿ ಮರಳಿ ಇಡಬೇಕು. ಅದೂ ನೀರಿನ ಹರಿವು ತಗ್ಗಿದಾಗ ಮಾತ್ರ. ಸ್ಪಂಜು ಕಂದುಬಣ್ಣಕ್ಕೆ ತಿರುಗಿದರೆ ಹೆದರಬೇಡಿರಿ, ಅದು ಸಂಸಾರ ತುಂಬಿದ ಮನೆಯ ಬಣ್ಣ. ಬಿಳಿಯ ನಾರು ಕಟ್ಟಿಹೋದಾಗ ಅದನ್ನು ಬಿಸುಡಬಹುದು. ಆದರೆ ನಾರನ್ನು ಬದಲಿಸಿದ ವಾರ ಸ್ಪಂಜನ್ನೂ ಹಂಚಿನ ಚೂರುಗಳನ್ನೂ ಮುಟ್ಟಬಾರದು. ತಿಂಗಳಿಗೊಮ್ಮೆ ಇಡಿಯ ಸಾಮಗ್ರಿಯನ್ನೇ ಬದಲಿಸಿರೆಂದು ಪೊಟ್ಟಣದ ಮೇಲೆ ಅಚ್ಚು ಹಾಕಿದ್ದರೆ ಅದು ಮಾರುವವನ ಹಿತಕ್ಕೆ. ಹೊಸದಾಗಿ ತುಂಬುವ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು, ಇಲ್ಲವೇ ಕ್ಲೋರಿನ್ ನಿವಾರಕದ ಹನಿಗಳನ್ನು ಬೆರೆಸಿ ಹಾಕಬೇಕು.

ವಿದ್ಯುತ್ತು ಹೋಗುವ ಊರುಗಳಲ್ಲಿರುವವರಿಗೆ ಒಂದೆರಡು ಮಾತು. ಹರಿವು ನಿಂತು ಹಲವು ಗಂಟೆಗಳಾದರೆ ಶೋಧಕದೊಳಗಿನ ಆಮ್ಲಜನಕ ತೀರಿ ಜೀವಿಗಳು ಸಾಯತೊಡಗುತ್ತವೆ. ಮುಚ್ಚಿದ ಡಬ್ಬದಂತಹ ದೊಡ್ಡ ಶೋಧಕಗಳಲ್ಲಿ ಈ ಅಪಾಯ ಹೆಚ್ಚು, ತೆರೆದ ಸ್ಪಂಜಿನಲ್ಲಿ ಕಡಮೆ. ದೀರ್ಘಕಾಲ ನಿಂತಿದ್ದ ಶೋಧಕವನ್ನು ಮತ್ತೆ ನಡೆಸುವ ಮೊದಲು ಸ್ಪಂಜನ್ನು ತೊಟ್ಟಿಯ ನೀರಿನಲ್ಲಿ ಹಿಂಡಿಕೊಳ್ಳುವುದು ಕ್ಷೇಮ. ಗಾಳಿ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿನ ಹಲಗೆಯ ಮೇಲಿರಿಸಬೇಕು. ಕೆಳಗಿರಿಸಿದರೆ ವಿದ್ಯುತ್ತು ಹೋದಾಗ ನೀರು ಕೊಳವೆಯ ಮೂಲಕ ಹಿಂದಕ್ಕೆ ಇಳಿದು ಪಂಪನ್ನೂ ನೆಲವನ್ನೂ ತೋಯಿಸುವುದು. ಮೇಲಿರಿಸಲು ಸ್ಥಳವಿಲ್ಲದಿದ್ದರೆ ಕೊಳವೆಯ ನಡುವೆ, ಗಾಳಿಯನ್ನು ಒಂದೇ ಕಡೆಗೆ ಬಿಡುವ ಸಣ್ಣ ಕವಾಟವೊಂದನ್ನು ಸೇರಿಸಿಕೊಳ್ಳಿರಿ. ಅಂಗಡಿಯಲ್ಲಿ ಕೇಳಿದರೆ ಕೆಲವೇ ರೂಪಾಯಿಗಳಿಗೆ ಕೊಡುತ್ತಾರೆ.